ಎನ್‌ಎಫ್‌ಎಸ್ ಫೈಲ್ ಹಂಚಿಕೆ ಕೈಕೊಟ್ಟಾಗ: ಯುನಿಕ್ಸ್ ಸರ್ವರ್‌ನಲ್ಲಿ ದೋಷ ಹುಡುಕುವ ಕ್ರಮ

ರಾಯಚೂರಿನಲ್ಲಿ ಏಪ್ರಿಲ್ ಮುಗಿಯುವ ಹೊತ್ತಿಗೆ ಬಿಸಿಲು 40 ಡಿಗ್ರಿ ದಾಟಿರುತ್ತದೆ, ಸಂಜೆ ಗಾಳಿ ಎದ್ದು ನಾಲ್ಕು ಹನಿ ಬಿದ್ದರೆ ಕರೆಂಟ್ ಹೋಗುತ್ತದೆ. ಅದು ಮರಳಿ ಬಂದ ಮೇಲೆ ಕಾಲೇಜಿನ ಲಿನಕ್ಸ್ ಲ್ಯಾಬ್‌ನಲ್ಲಿ ಕಂಪ್ಯೂಟರ್‌ಗಳೆಲ್ಲ ತಾವಾಗಿಯೇ ಎದ್ದು ನಿಲ್ಲುತ್ತವೆ. ಆದರೆ ಲಾಗಿನ್ ಆದ ವಿದ್ಯಾರ್ಥಿಗೆ ತನ್ನ ಹೋಮ್ ಫೋಲ್ಡರ್ ಖಾಲಿಯಾಗಿ ಕಾಣುತ್ತದೆ. ಆ ಫೋಲ್ಡರ್‌ಗಳು ನಿಜವಾಗಿ ಇರುವುದು ಸರ್ವರ್‌ನಲ್ಲಿ, ಅವನ್ನು ನೆಟ್‌ವರ್ಕ್ ಮೂಲಕ ಲ್ಯಾಬ್‌ನ ಪ್ರತಿ ಯಂತ್ರದಲ್ಲಿಯೂ ತೋರಿಸುವ ವ್ಯವಸ್ಥೆಯೇ ಎನ್‌ಎಫ್‌ಎಸ್. ಮಾನ್ವಿಯಿಂದಲೋ ದೇವದುರ್ಗದಿಂದಲೋ ಬೆಳಗಿನ ಬಸ್ಸು ಹಿಡಿದು ಬಂದ ಹುಡುಗಿಯೊಬ್ಬಳು "ಸರ್, ನನ್ನ ಫೈಲ್ ಎಲ್ಲಾ ಹೋಗ್ಯಾವ್ರಿ" ಎಂದು ಎದುರು ನಿಂತಾಗ, ಸರ್ವರ್ ನೋಡಿಕೊಳ್ಳುವವನ ಕೈ ಮೊದಲು ಹೋಗುವುದು ರೀಸ್ಟಾರ್ಟ್ ಕಡೆಗೆ. ಆ ಕೈಯನ್ನು ಐದು ನಿಮಿಷ ತಡೆದು ಏನನ್ನು ನೋಡಬೇಕು ಎಂಬುದನ್ನು ಈ ಲೇಖನದಲ್ಲಿ ಕ್ರಮವಾಗಿ ಬರೆದಿದ್ದೇನೆ. ರೀಸ್ಟಾರ್ಟ್ ಮಾಡಿದರೆ ದೋಷ ಕೆಲವೊಮ್ಮೆ ಮಾಯವಾಗುತ್ತದೆ ನಿಜ, ಆದರೆ ಅದು ಎಲ್ಲಿತ್ತೆಂಬ ಗುರುತೂ ಅದರ ಜೊತೆಗೇ ಅಳಿಸಿಹೋಗುತ್ತದೆ, ಮುಂದಿನ ಮಳೆಗೆ ಅದೇ ದೋಷ ಮತ್ತೆ ಬಂದು ನಿಲ್ಲುತ್ತದೆ.

ಆಜ್ಞೆಗಳನ್ನು ನಾವು ಬಾಯಲ್ಲಿ ಹೇಳುವ ಹಾಗೆಯೇ ಕನ್ನಡದಲ್ಲಿ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಅವನ್ನು ಸಣ್ಣ ಇಂಗ್ಲಿಷ್ ಅಕ್ಷರಗಳಲ್ಲಿ ಟೈಪ್ ಮಾಡಬೇಕು. ಉದಾಹರಣೆಗಳಲ್ಲಿ ಸರ್ವರ್‌ನ ವಿಳಾಸ 192.168.10.5 ಎಂದೂ ಲ್ಯಾಬ್‌ನ ನೆಟ್‌ವರ್ಕ್ 192.168.10.0/24 ಎಂದೂ ಇಟ್ಟುಕೊಂಡಿದ್ದೇನೆ.

ಮೊದಲು ತಿಳಿದಿರಬೇಕಾದ ಒಂದು ವ್ಯತ್ಯಾಸ

ಎನ್‌ಎಫ್‌ಎಸ್ ಅನ್ನು ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ 1984ರಲ್ಲಿ ರೂಪಿಸಿತು. ಇಂದು ಲ್ಯಾಬ್‌ಗಳಲ್ಲಿ ನಮಗೆ ಎದುರಾಗುವುದು ಅದರ ಎರಡು ಆವೃತ್ತಿಗಳು. 1995ರಲ್ಲಿ ಪ್ರಕಟವಾದ ಮೂರನೆಯ ಆವೃತ್ತಿಗೆ ಒಬ್ಬ ಕೆಲಸಗಾರ ಸಾಲುವುದಿಲ್ಲ. ಯಾವ ಸೇವೆ ಯಾವ ಪೋರ್ಟ್‌ನಲ್ಲಿದೆ, ಅಂದರೆ ಸರ್ವರ್‌ನ ಯಾವ ಸಂಖ್ಯೆಯ ಬಾಗಿಲಿನಲ್ಲಿದೆ, ಎಂದು ಹೇಳುವ ಆರ್‌ಪಿಸಿಬೈಂಡ್ 111ನೇ ಪೋರ್ಟ್‌ನಲ್ಲಿ ಕೂತಿರುತ್ತದೆ, ಮೌಂಟ್ ಕೋರಿಕೆಯನ್ನು, ಅಂದರೆ ಸರ್ವರ್‌ನ ಡೈರೆಕ್ಟರಿಯನ್ನು ಕ್ಲೈಂಟ್‌ಗೆ (ಲ್ಯಾಬ್‌ನ ಯಂತ್ರಕ್ಕೆ) ಜೋಡಿಸಿಕೊಡಿ ಎಂಬ ಕೋರಿಕೆಯನ್ನು, ಮೌಂಟ್‌ಡಿ ನೋಡಿಕೊಳ್ಳುತ್ತದೆ, ಫೈಲ್ ಲಾಕ್‌ಗಳಿಗೆ ಬೇರೆ ಸೇವೆಗಳಿವೆ, ಫೈಲ್ ಓದುವ ಬರೆಯುವ ಕೆಲಸ ಮಾತ್ರ 2049ನೇ ಪೋರ್ಟ್‌ನಲ್ಲಿ ನಡೆಯುತ್ತದೆ. ನಾಲ್ಕನೆಯ ಆವೃತ್ತಿಯಲ್ಲಿ ಇವೆಲ್ಲವೂ 2049ರ ಒಂದೇ ಬಾಗಿಲಿನಲ್ಲಿ ಮುಗಿಯುತ್ತವೆ. ನಿಮ್ಮ ಕ್ಲೈಂಟ್ ಯಾವ ಆವೃತ್ತಿಯಲ್ಲಿ ಮಾತಾಡುತ್ತಿದೆ ಎಂಬುದು, ಕೆಲಸ ಮಾಡುತ್ತಿರುವ ಯಾವುದಾದರೂ ಒಂದು ಯಂತ್ರದಲ್ಲಿ ‘ಎನ್‌ಎಫ್‌ಎಸ್‌ಸ್ಟ್ಯಾಟ್ -ಎಂ’ ಕೊಟ್ಟರೆ ‘ವರ್ಸ್’ ಎಂಬಲ್ಲಿ ಕಾಣುತ್ತದೆ. ಫೈರ್‌ವಾಲ್‌ನಲ್ಲಿ ಏನನ್ನು ತೆರೆಯಬೇಕು ಎಂಬುದು ಈ ಒಂದು ಅಂಕಿಯ ಮೇಲೆ ನಿಂತಿದೆ.

ಮೊದಲ ಹೆಜ್ಜೆ: ಸಂದೇಶವನ್ನು ಇದ್ದ ಹಾಗೆ ಬರೆದುಕೊಳ್ಳಿ

"ಮೌಂಟ್ ಆಗ್ತಿಲ್ಲ" ಎಂಬುದು ದೂರು, ಅದರಿಂದ ದೋಷದ ಜಾಗ ತಿಳಿಯುವುದಿಲ್ಲ. ಕ್ಲೈಂಟ್‌ನಲ್ಲಿ ‘ಮೌಂಟ್ -ವಿ’ ಎಂದು ಕೈಯಾರೆ ಮೌಂಟ್ ಮಾಡಿ, ಪರದೆಯ ಮೇಲೆ ಬಂದ ಸಾಲನ್ನು ಅಕ್ಷರ ಬಿಡದೆ ನೋಟ್‌ಬುಕ್‌ನಲ್ಲಿ ಬರೆದುಕೊಳ್ಳಿ. ಆಮೇಲೆ ಕ್ಲೈಂಟ್‌ನಲ್ಲಿ ‘ಡಿಮೆಸೇಜ್’ ಎಂದು ನಾವು ಕರೆಯುವ ಕರ್ನೆಲ್ ಲಾಗ್‌ನ ಕೊನೆಯ ಇಪ್ಪತ್ತು ಸಾಲುಗಳನ್ನು, ಸರ್ವರ್‌ನಲ್ಲಿ ‘ಜರ್ನಲ್‌ಸಿಟಿಎಲ್ -ಯು ಎನ್‌ಎಫ್‌ಎಸ್-ಸರ್ವರ್’ ತೋರಿಸುವುದನ್ನು ನೋಡಿ. ಒಂದೇ ಯಂತ್ರಕ್ಕೆ ತೊಂದರೆಯೋ ಎಲ್ಲ ಯಂತ್ರಗಳಿಗೂ ತೊಂದರೆಯೋ ಎಂಬುದನ್ನು ಇದೇ ಹೊತ್ತಿನಲ್ಲಿ ಕೇಳಿ ತಿಳಿದುಕೊಳ್ಳಬೇಕು. ಒಂದಕ್ಕೇ ಆದರೆ ಸರ್ವರ್ ಮುಟ್ಟುವ ಕಾರಣವೇ ಇಲ್ಲ.

ಎರಡನೆಯ ಹೆಜ್ಜೆ: ತಂತಿ, ಹೆಸರು, ಬಾಗಿಲು

ಕ್ಲೈಂಟ್‌ನಿಂದ ಸರ್ವರ್‌ನ ಐಪಿ ವಿಳಾಸಕ್ಕೆ ಪಿಂಗ್ ಮಾಡಿ, ನಂತರ ಹೆಸರಿಗೆ ಮಾಡಿ. ವಿಳಾಸಕ್ಕೆ ಉತ್ತರ ಬಂದು ಹೆಸರಿಗೆ ಬಾರದಿದ್ದರೆ ತೊಂದರೆ ಇರುವುದು ಹೆಸರಿನಿಂದ ವಿಳಾಸ ಹುಡುಕಿಕೊಡುವ ಡಿಎನ್‌ಎಸ್‌ನಲ್ಲಿ ಅಥವಾ ಹೋಸ್ಟ್ಸ್ ಫೈಲ್‌ನಲ್ಲಿ. ಎರಡಕ್ಕೂ ಉತ್ತರ ಇಲ್ಲದಿದ್ದರೆ ಎದ್ದು ಹೋಗಿ ನೆಟ್‌ವರ್ಕ್ ಸ್ವಿಚ್ಚಿನ ದೀಪ ನೋಡಿ. ನಮ್ಮ ಕಡೆ ಸರ್ವರ್‌ಗೆ ಯುಪಿಎಸ್ ಇರುತ್ತದೆ, ಮೂಲೆಯಲ್ಲಿ ಗೋಡೆಗೆ ನೇತುಹಾಕಿದ ಸ್ವಿಚ್ಚಿಗೆ ಇರುವುದಿಲ್ಲ. ಸರ್ವರ್ ಅಲುಗದೆ ನಡೆಯುತ್ತಿದ್ದರೂ ಲ್ಯಾಬ್‌ಗೆ ಅದು ಸತ್ತಂತೆಯೇ ಕಾಣುವುದಕ್ಕೆ ಎಷ್ಟೋ ಸಲ ಇಷ್ಟೇ ಕಾರಣ. ಸ್ವಿಚ್ಚನ್ನೂ ಯುಪಿಎಸ್‌ಗೆ ಜೋಡಿಸಿ.

ಪಿಂಗ್ ಸರಿಯಿದ್ದೂ ಮೌಂಟ್ ಆಗದಿದ್ದರೆ ಬರೆದುಕೊಂಡ ಸಂದೇಶದ ಕಡೆಗೆ ಮರಳಬೇಕು. ‘ಕನೆಕ್ಷನ್ ರಿಫ್ಯೂಸ್ಡ್’ ಎಂದರೆ ಯಂತ್ರ ಸಿಕ್ಕಿದೆ, ಆದರೆ ಆ ಪೋರ್ಟ್‌ನಲ್ಲಿ ಕೇಳಿಸಿಕೊಳ್ಳುವವರು ಇಲ್ಲ, ಅಂದರೆ ಸಾಮಾನ್ಯವಾಗಿ ಸೇವೆ ಆರಂಭವಾಗಿಲ್ಲ. ‘ಕನೆಕ್ಷನ್ ಟೈಮ್ಡ್ ಔಟ್’ ಎಂದರೆ ನಡುವೆ ಯಾವುದೋ ಫೈರ್‌ವಾಲ್ ಪ್ಯಾಕೆಟ್‌ಗಳನ್ನು ಸದ್ದಿಲ್ಲದೆ ಬಿಸಾಡುತ್ತಿರಬಹುದು. ‘ನೋ ರೂಟ್ ಟು ಹೋಸ್ಟ್’ (ಯಂತ್ರಕ್ಕೆ ದಾರಿಯಿಲ್ಲ) ಎಂಬುದು ಹೊಸಬರನ್ನು ದಾರಿ ತಪ್ಪಿಸುವ ಸಂದೇಶ: ಪಿಂಗ್ ಹೋಗುತ್ತಿರುವಾಗಲೂ ಇದು ಬಂದರೆ ಕೇಬಲ್ ಹುಡುಕಬೇಡಿ, ರೆಡ್ ಹ್ಯಾಟ್ ಬಳಗದ ಸರ್ವರ್‌ಗಳಲ್ಲಿ ಫೈರ್‌ವಾಲ್‌ಡಿ ಕೋರಿಕೆಯನ್ನು ತಿರಸ್ಕರಿಸಿದಾಗಲೂ ಕ್ಲೈಂಟ್ ಹೀಗೆಯೇ ಹೇಳುತ್ತದೆ. ಅಲ್ಲಿ ನಾಲ್ಕನೆಯ ಆವೃತ್ತಿಗೆ ‘ಎನ್‌ಎಫ್‌ಎಸ್’ ಸೇವೆಯೊಂದನ್ನು ತೆರೆದರೆ ಸಾಕು, ಮೂರನೆಯದಕ್ಕೆ ‘ಮೌಂಟ್‌ಡಿ’ ಮತ್ತು ‘ಆರ್‌ಪಿಸಿ-ಬೈಂಡ್’ ಎರಡನ್ನೂ ಸೇರಿಸಬೇಕು.

‘ಆರ್‌ಪಿಸಿಇನ್ಫೋ -ಪಿ 192.168.10.5’ ಎಂದು ಕ್ಲೈಂಟ್‌ನಿಂದ ಕೊಟ್ಟರೆ ಸರ್ವರ್‌ನಲ್ಲಿ ನೋಂದಾಯಿತವಾಗಿರುವ ಸೇವೆಗಳ ಪಟ್ಟಿ ಬರುತ್ತದೆ. ‘ಪ್ರೋಗ್ರಾಂ ನಾಟ್ ರಿಜಿಸ್ಟರ್ಡ್’ ಎಂಬ ದೋಷ ಬಂದಿದ್ದರೆ ಆ ಪಟ್ಟಿಯಲ್ಲಿ ಯಾವುದು ಕಾಣೆಯಾಗಿದೆ ಎಂಬುದೇ ಉತ್ತರ. ‘ಶೋಮೌಂಟ್ -ಇ’ ಎಂಬ ಪ್ರಸಿದ್ಧ ಆಜ್ಞೆ ಮೌಂಟ್‌ಡಿಯನ್ನು ಕೇಳಿ ಉತ್ತರ ತರುತ್ತದೆ. ಆದ್ದರಿಂದ ನಾಲ್ಕನೆಯ ಆವೃತ್ತಿಗಷ್ಟೇ ಬಾಗಿಲು ತೆರೆದಿರುವ ಸರ್ವರ್‌ನಲ್ಲಿ ಅದು ಸೋತರೂ ಮೌಂಟ್ ಆಗಬಹುದು. ಶೋಮೌಂಟ್ ಸೋತಿತೆಂದು ಸರ್ವರ್ ಕೆಟ್ಟಿದೆ ಎಂದು ತೀರ್ಮಾನಿಸಬಾರದು.

ಇನ್ನೊಂದು ಸಣ್ಣ ವಿಷಯ. ಹೊಸದಾಗಿ ಉಬುಂಟು ಹಾಕಿದ ಯಂತ್ರದಲ್ಲಿ ‘ಬ್ಯಾಡ್ ಆಪ್ಷನ್’ ಎಂದು ಶುರುವಾಗಿ ಸಹಾಯಕ ಪ್ರೋಗ್ರಾಂ ಬೇಕಾಗಬಹುದು ಎನ್ನುವ ಉದ್ದನೆಯ ಸಾಲು ಬಂದರೆ ‘ಎನ್‌ಎಫ್‌ಎಸ್-ಕಾಮನ್’ ಪ್ಯಾಕೇಜ್ ಹಾಕಿಲ್ಲ ಎಂದರ್ಥ. ರೆಡ್ ಹ್ಯಾಟ್ ಕಡೆ ಅದರ ಹೆಸರು ‘ಎನ್‌ಎಫ್‌ಎಸ್-ಯುಟಿಲ್ಸ್’.

ಮೂರನೆಯ ಹೆಜ್ಜೆ: ಎಕ್ಸ್‌ಪೋರ್ಟ್ಸ್ ಫೈಲ್ ಮತ್ತು ಒಂದು ಖಾಲಿ ಜಾಗ

‘ಆಕ್ಸೆಸ್ ಡಿನೈಡ್ ಬೈ ಸರ್ವರ್ ವೈಲ್ ಮೌಂಟಿಂಗ್’ ಎಂಬ ಸಂದೇಶ ಬಂತೆಂದರೆ ತಂತಿಯೂ ಬಾಗಿಲೂ ಸರಿಯಿವೆ, ಸರ್ವರ್ ನಿಮ್ಮನ್ನು ನೋಡಿಯೇ ಬೇಡವೆಂದಿದೆ. ನಾಲ್ಕನೆಯ ಆವೃತ್ತಿಯಲ್ಲಿ ಇದೇ ತಿರಸ್ಕಾರ ‘ನೋ ಸಚ್ ಫೈಲ್ ಆರ್ ಡೈರೆಕ್ಟರಿ’ ಎಂಬ ರೂಪದಲ್ಲಿಯೂ ಬರಬಹುದು. ಸರ್ವರ್‌ನಲ್ಲಿ ‘ಎಕ್ಸ್‌ಪೋರ್ಟ್‌ಎಫ್‌ಎಸ್ -ವಿ’ ಕೊಟ್ಟು, ಯಾವ ಡೈರೆಕ್ಟರಿ ಯಾರಿಗೆ ಯಾವ ಹಕ್ಕಿನಲ್ಲಿ ಈಗ ಹಂಚಿಕೆಯಾಗಿದೆ ಎಂಬುದನ್ನು ಓದಿ. ಇಟಿಸಿ ಡೈರೆಕ್ಟರಿಯ ಎಕ್ಸ್‌ಪೋರ್ಟ್ಸ್ ಫೈಲ್‌ನಲ್ಲಿ ಬರೆದದ್ದು ಬೇರೆ, ಕರ್ನೆಲ್ ಪಾಲಿಸುತ್ತಿರುವುದು ಬೇರೆ. ಫೈಲ್ ತಿದ್ದಿ ‘ಎಕ್ಸ್‌ಪೋರ್ಟ್‌ಎಫ್‌ಎಸ್ -ಆರ್‌ಎ’ ಕೊಡುವುದನ್ನು ಮರೆತಿದ್ದರೆ ಎರಡೂ ತಾಳೆಯಾಗುವುದಿಲ್ಲ. ಈ ಆಜ್ಞೆಗೆ ಸೇವೆಯನ್ನು ನಿಲ್ಲಿಸುವ ಅಗತ್ಯವಿಲ್ಲ, ಕೆಲಸ ಮಾಡುತ್ತಿರುವ ಕ್ಲೈಂಟ್‌ಗಳಿಗೆ ಅದು ತಿಳಿಯುವುದೂ ಇಲ್ಲ.

ಈ ಫೈಲ್‌ನಲ್ಲಿ ಆಗುವ ಒಂದು ತಪ್ಪನ್ನು ಹತ್ತಿರದಿಂದ ನೋಡೋಣ. ಸರಿಯಾದ ಸಾಲು ಹೀಗಿರುತ್ತದೆ:

/ಎಸ್‌ಆರ್‌ವಿ/ಹೋಮ್ 192.168.10.0/24(ಆರ್‌ಡಬ್ಲ್ಯೂ,ಸಿಂಕ್)

ತಪ್ಪಾದ ಸಾಲು ಹೀಗಿರುತ್ತದೆ:

/ಎಸ್‌ಆರ್‌ವಿ/ಹೋಮ್ 192.168.10.0/24 (ಆರ್‌ಡಬ್ಲ್ಯೂ,ಸಿಂಕ್)

ವ್ಯತ್ಯಾಸ ಕಂಸಕ್ಕೆ ಮುಂಚಿನ ಒಂದು ಸ್ಪೇಸ್ ಮಾತ್ರ. ಓದುವ ಕಣ್ಣಿಗೆ ಎರಡನೆಯದೇ ಅಚ್ಚುಕಟ್ಟಾಗಿ ಕಾಣುತ್ತದೆ. ಆದರೆ ಸರ್ವರ್ ಅದನ್ನು ಎರಡು ಪ್ರತ್ಯೇಕ ಅನುಮತಿಗಳೆಂದು ಓದಿಕೊಳ್ಳುತ್ತದೆ: ಲ್ಯಾಬ್‌ನ ನೆಟ್‌ವರ್ಕ್‌ಗೆ ಯಾವ ಆಯ್ಕೆಯನ್ನೂ ಕೊಟ್ಟಿಲ್ಲವಾದ್ದರಿಂದ ಓದುವ ಹಕ್ಕು ಮಾತ್ರ, ಕಂಸದ ಮುಂದೆ ಯಾರ ಹೆಸರೂ ಇಲ್ಲವಾದ್ದರಿಂದ ಜಗತ್ತಿನ ಎಲ್ಲರಿಗೂ ಬರೆಯುವ ಹಕ್ಕು. ಹೀಗಾಗಿ ಲ್ಯಾಬ್‌ನ ಮಕ್ಕಳಿಗೆ ‘ರೀಡ್-ಓನ್ಲಿ ಫೈಲ್ ಸಿಸ್ಟಮ್’ ಎಂಬ ದೋಷ ಬರುತ್ತದೆ, ಆ ಸರ್ವರ್‌ವರೆಗೆ ದಾರಿಯಿರುವ ಹೊರಗಿನವರಿಗೆ ಬಾಗಿಲು ತೆರೆದಿರುತ್ತದೆ. ‘ಎಕ್ಸ್‌ಪೋರ್ಟ್‌ಎಫ್‌ಎಸ್ -ವಿ’ಯ ಉತ್ತರದಲ್ಲಿ ‘ವರ್ಲ್ಡ್’ ಎಂಬ ಪದ ಕಂಡರೆ ಆ ಕ್ಷಣವೇ ಈ ಸ್ಪೇಸ್ ಹುಡುಕಿ. ಬರೆಯಲು ಆಗುತ್ತಿಲ್ಲವೆಂದು ಡೈರೆಕ್ಟರಿಗೆ 777, ಅಂದರೆ ಎಲ್ಲರಿಗೂ ಎಲ್ಲ ಹಕ್ಕು, ಕೊಟ್ಟವರನ್ನು ನಾನು ಕಂಡಿದ್ದೇನೆ. ಅದರಿಂದ ಈ ದೋಷ ಹೋಗುವುದಿಲ್ಲ, ಹೊರಗಿನವರ ದಾರಿ ಮಾತ್ರ ಇನ್ನಷ್ಟು ಸಲೀಸಾಗುತ್ತದೆ.

‘ಸಿಂಕ್’ ಬದಲು ‘ಅಸಿಂಕ್’ ಹಾಕಿದರೆ ವೇಗ ಹೆಚ್ಚುತ್ತದೆ ಎಂಬ ಸಲಹೆ ಆಗಾಗ ಕೇಳಿಬರುತ್ತದೆ. ಅಸಿಂಕ್‌ನಲ್ಲಿ ಸರ್ವರ್ ಡಿಸ್ಕ್‌ಗೆ ಬರೆಯುವ ಮೊದಲೇ ಬರೆದೆನೆಂದು ಕ್ಲೈಂಟ್‌ಗೆ ಹೇಳಿಬಿಡುತ್ತದೆ. ಕರೆಂಟ್ ಹೇಳದೆ ಹೋಗುವ ಊರಿನಲ್ಲಿ ವಿದ್ಯಾರ್ಥಿಗಳ ಕೆಲಸವನ್ನು ಹಾಗೆ ಇಡಬಾರದು.

ನಾಲ್ಕನೆಯ ಹೆಜ್ಜೆ: ಮೌಂಟ್ ಆಯಿತು, ಹಕ್ಕು ಇಲ್ಲ

‘ಪರ್ಮಿಷನ್ ಡಿನೈಡ್’ ಬಂದಾಗ ಹೆಸರನ್ನು ನಂಬದೆ ಅಂಕಿಯನ್ನು ನೋಡಬೇಕು. ಸಾಮಾನ್ಯ ವ್ಯವಸ್ಥೆಯಲ್ಲಿ ಕ್ಲೈಂಟ್ ಸರ್ವರ್‌ಗೆ ಕಳಿಸುವ ಗುರುತು ಬಳಕೆದಾರನ ಹೆಸರಲ್ಲ, ಯುಐಡಿ ಎಂಬ ಸಂಖ್ಯೆ. ಒಂದು ಯಂತ್ರದಲ್ಲಿ ಖಾತೆಗಳನ್ನು ಹಾಜರಿ ಪುಸ್ತಕದ ಕ್ರಮದಲ್ಲಿ, ಇನ್ನೊಂದರಲ್ಲಿ ಬಂದವರ ಕ್ರಮದಲ್ಲಿ ಮಾಡಿದ್ದರೆ, ಇಲ್ಲಿ 1004 ಆಗಿರುವ ವಿದ್ಯಾರ್ಥಿ ಅಲ್ಲಿ 1007 ಆಗಿರುತ್ತಾನೆ. ಎರಡೂ ಕಡೆ ‘ಎಲ್‌ಎಸ್ -ಎಲ್‌ಎನ್’ ಕೊಟ್ಟು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ, ‘ಐಡಿ’ ಆಜ್ಞೆಯಿಂದ ಖಾತೆಯ ಸಂಖ್ಯೆಯನ್ನೂ ತಾಳೆ ಮಾಡಿ. ಹತ್ತಕ್ಕಿಂತ ಹೆಚ್ಚು ಯಂತ್ರಗಳಿದ್ದರೆ ಎಲ್‌ಡಿಎಪಿಯಂಥ ಒಂದೇ ಕಡೆಯ ಖಾತೆ ವ್ಯವಸ್ಥೆ ಮಾಡಿಕೊಳ್ಳುವುದೇ ಸರಿ ಎಂದು ನನ್ನ ಅಭಿಪ್ರಾಯ.

ರೂಟ್ (ಯಂತ್ರದ ಎಲ್ಲ ಹಕ್ಕುಗಳಿರುವ ಖಾತೆ) ಆಗಿದ್ದೂ ಬರೆಯಲು ಆಗುತ್ತಿಲ್ಲವೆಂದರೆ ಅದು ದೋಷವಲ್ಲ. ‘ರೂಟ್ ಸ್ಕ್ವಾಷ್’ ಎಂಬ ಡೀಫಾಲ್ಟ್ ಆಯ್ಕೆ ಕ್ಲೈಂಟ್‌ನ ರೂಟ್ ಅನ್ನು ಸರ್ವರ್‌ನಲ್ಲಿ ‘ನೋಬಡಿ’ ಆಗಿ, ಅಂದರೆ ಸಾಮಾನ್ಯವಾಗಿ 65534 ಎಂಬ ಸಂಖ್ಯೆಯಾಗಿ, ಮಾರ್ಪಡಿಸುತ್ತದೆ. ಲ್ಯಾಬ್‌ನ ಯಾವುದೋ ಯಂತ್ರದಲ್ಲಿ ರೂಟ್ ಆದವರು ಎಲ್ಲರ ಫೈಲ್‌ಗಳನ್ನೂ ಅಳಿಸದಿರಲೆಂದೇ ಅದನ್ನು ಇಟ್ಟಿರುವುದು, ತೆಗೆಯಬೇಡಿ. ಎಲ್ಲರ ಫೈಲ್‌ಗಳೂ ನೋಬಡಿಯ ಹೆಸರಿನಲ್ಲಿ ಕಾಣುತ್ತಿದ್ದರೆ ಮಾತ್ರ ವಿಷಯ ಬೇರೆ. ಅದು ನಾಲ್ಕನೆಯ ಆವೃತ್ತಿಯ ಹೆಸರು ಹೊಂದಾಣಿಕೆ ತಪ್ಪಿದ ಲಕ್ಷಣ, ‘ಐಡಿಮ್ಯಾಪ್‌ಡಿ’ ಕಾನ್ಫಿಗ್ ಫೈಲ್‌ನ ‘ಡೊಮೈನ್’ ಸಾಲು ಸರ್ವರ್‌ನಲ್ಲಿಯೂ ಕ್ಲೈಂಟ್‌ನಲ್ಲಿಯೂ ಒಂದೇ ಆಗಿರುವಂತೆ ಮಾಡಿ, ಕ್ಲೈಂಟ್‌ನಲ್ಲಿ ‘ಎನ್‌ಎಫ್‌ಎಸ್‌ಐಡಿಮ್ಯಾಪ್ -ಸಿ’ ಕೊಟ್ಟು ಹಳೆಯ ನೆನಪನ್ನು ತೆರವು ಮಾಡಿ.

ಒಬ್ಬ ಬಳಕೆದಾರ ಹದಿನಾರಕ್ಕಿಂತ ಹೆಚ್ಚು ಗುಂಪುಗಳಲ್ಲಿದ್ದರೆ ಹದಿನೇಳನೆಯ ಗುಂಪಿನಿಂದ ಮುಂದಿನವು ಸರ್ವರ್‌ಗೆ ತಲುಪುವುದೇ ಇಲ್ಲ, ಏಕೆಂದರೆ ಆ ಗುರುತಿನ ವಿಧಾನದಲ್ಲಿ ಇರುವ ಜಾಗವೇ 16. ಮೌಂಟ್‌ಡಿಗೆ ‘ಮ್ಯಾನೇಜ್-ಜಿಐಡಿಸ್’ ಆಯ್ಕೆ ಕೊಟ್ಟರೆ ಸರ್ವರ್ ತಾನೇ ಗುಂಪುಗಳನ್ನು ಹುಡುಕಿಕೊಳ್ಳುತ್ತದೆ.

ಐದನೆಯ ಹೆಜ್ಜೆ: ಪರದೆ ಅಲುಗದೆ ನಿಂತಾಗ

ಕರ್ನೆಲ್ ಲಾಗ್‌ನಲ್ಲಿ ‘ಸರ್ವರ್ ನಾಟ್ ರೆಸ್ಪಾಂಡಿಂಗ್, ಸ್ಟಿಲ್ ಟ್ರೈಯಿಂಗ್’ ಎಂದು ಬಂದಿದ್ದರೆ ಕ್ಲೈಂಟ್ ತನ್ನ ಕರ್ತವ್ಯವನ್ನೇ ಮಾಡುತ್ತಿದೆ. ‘ಹಾರ್ಡ್’ ಮೌಂಟ್‌ನಲ್ಲಿ ಅದು ಸರ್ವರ್ ಮರಳುವವರೆಗೆ ಕಾಯುತ್ತದೆ, ಮರಳಿದ ಮೇಲೆ ‘ಓಕೆ’ ಎಂದು ಬರೆದು ನಿಂತಲ್ಲಿಂದಲೇ ಮುಂದುವರಿಯುತ್ತದೆ. ‘ಸಾಫ್ಟ್’ ಮೌಂಟ್‌ನಲ್ಲಿ ಕೆಲವು ಪ್ರಯತ್ನಗಳ ನಂತರ ಕೈಬಿಟ್ಟು ಪ್ರೋಗ್ರಾಂಗೆ ದೋಷ ಹಿಂತಿರುಗಿಸುತ್ತದೆ. ಆ ದೋಷವನ್ನು ಗಮನಿಸದ ಪ್ರೋಗ್ರಾಂ ಅರ್ಧ ಬರೆದ ಫೈಲನ್ನು ಪೂರ್ತಿ ಬರೆದೆನೆಂದು ತಿಳಿಯುತ್ತದೆ. ಹೋಮ್ ಡೈರೆಕ್ಟರಿಗೆ ಸಾಫ್ಟ್ ಹಾಕಬೇಡಿ. ‘ಟೈಮಿಯೊ’ ಎಂಬ ಆಯ್ಕೆಯ ಅಳತೆ ಸೆಕೆಂಡಿನ ಹತ್ತನೇ ಒಂದು ಭಾಗ ಎಂಬುದೂ ನೆನಪಿರಲಿ: ಟಿಸಿಪಿಯಲ್ಲಿ ಡೀಫಾಲ್ಟ್ ಆಗಿರುವ 600 ಎಂದರೆ 60 ಸೆಕೆಂಡ್, ಹತ್ತು ನಿಮಿಷವಲ್ಲ.

ಸರ್ವರ್ ಎದ್ದ ಮೇಲೂ ಒಂದೂವರೆ ನಿಮಿಷ ಫೈಲ್‌ಗಳು ತೆರೆಯದಿರಬಹುದು. ನಾಲ್ಕನೆಯ ಆವೃತ್ತಿಯ ಲಿನಕ್ಸ್ ಸರ್ವರ್, ಹಿಂದೆ ಲಾಕ್ ಹಿಡಿದಿದ್ದ ಕ್ಲೈಂಟ್‌ಗಳು ಅವನ್ನು ಮರಳಿ ಪಡೆಯಲೆಂದು 90 ಸೆಕೆಂಡ್‌ಗಳ ಅವಧಿಯನ್ನು ಡೀಫಾಲ್ಟ್ ಆಗಿ ಬಿಟ್ಟುಕೊಡುತ್ತದೆ. ಆ ಹೊತ್ತಿನಲ್ಲಿ ತಾಳ್ಮೆಗೆಟ್ಟು ಸೇವೆಯನ್ನು ಮತ್ತೆ ರೀಸ್ಟಾರ್ಟ್ ಮಾಡಿದರೆ ಎಣಿಕೆ ಮೊದಲಿನಿಂದ ಶುರುವಾಗುತ್ತದೆ. "ಮೂರು ಸಲ ರೀಸ್ಟಾರ್ಟ್ ಮಾಡಿದರೂ ಸರಿ ಹೋಗಲಿಲ್ಲ" ಎನ್ನುವವರ ತೊಂದರೆ ಹಲವು ಬಾರಿ ಆ ಮೂರು ರೀಸ್ಟಾರ್ಟ್‌ಗಳೇ ಆಗಿರುತ್ತವೆ.

ಡೈರೆಕ್ಟರಿಯೊಳಗೆ ಹೋಗಲು ಆಗುತ್ತದೆ, ಸಣ್ಣ ಫೈಲ್ ತೆರೆಯುತ್ತದೆ, ದೊಡ್ಡ ಡೈರೆಕ್ಟರಿಯನ್ನು ಪಟ್ಟಿ ಮಾಡಿದರೆ ಮಾತ್ರ ನಿಂತುಬಿಡುತ್ತದೆ ಎಂದಾದರೆ ಎಂಟಿಯು, ಅಂದರೆ ಒಂದು ಪ್ಯಾಕೆಟ್‌ನ ಗರಿಷ್ಠ ಗಾತ್ರವನ್ನು ಸಂಶಯಿಸಿ. ‘ಪಿಂಗ್ -ಎಂ ಡು -ಎಸ್ 1472’ ಎಂಬುದು, ಇದರಲ್ಲಿ ಎಂ ಮಾತ್ರ ದೊಡ್ಡಕ್ಷರ, 1500ರ ಎಂಟಿಯುವನ್ನು ಪರೀಕ್ಷಿಸುತ್ತದೆ. ಯಾರಾದರೂ ಸರ್ವರ್‌ಗೆ 9000 ಇಟ್ಟು ಸ್ವಿಚ್ಚನ್ನು ಹಾಗೆಯೇ ಬಿಟ್ಟಿದ್ದರೆ 8972 ಕೊಟ್ಟಾಗ ಉತ್ತರ ಬರುವುದಿಲ್ಲ.

‘ಸ್ಟೇಲ್ ಫೈಲ್ ಹ್ಯಾಂಡಲ್’ ಎಂದರೆ ಕ್ಲೈಂಟ್ ಹಿಡಿದಿದ್ದ ಗುರುತಿನ ಚೀಟಿಗೆ ಸರ್ವರ್‌ನಲ್ಲಿ ಈಗ ಯಾವ ಫೈಲೂ ಇಲ್ಲ. ಬ್ಯಾಕಪ್‌ನಿಂದ ಡೈರೆಕ್ಟರಿಯನ್ನು ಮರುಸ್ಥಾಪಿಸಿದಾಗ ಹೆಸರುಗಳು ಹಾಗೆಯೇ ಇದ್ದರೂ ಒಳಗಿನ ಐನೋಡ್ ಸಂಖ್ಯೆಗಳು ಬದಲಾಗಿರುತ್ತವೆ, ಹಾಗಾಗಿ ಇದು ಬರುತ್ತದೆ. ಆ ಡೈರೆಕ್ಟರಿಯಿಂದ ಹೊರಬಂದು ಮತ್ತೆ ಹೋಗಿ ನೋಡಿ, ಆಗದಿದ್ದರೆ ಕ್ಲೈಂಟ್‌ನಲ್ಲಿ ಅನ್‌ಮೌಂಟ್ ಮಾಡಿ ಮತ್ತೆ ಮೌಂಟ್ ಮಾಡಿ. ‘ಯುಮೌಂಟ್ -ಎಲ್’ ಕೊನೆಯ ದಾರಿಯಾಗಿರಲಿ.

‘ಹೋದ’ ಫೈಲ್‌ಗಳು ಇರುವ ಜಾಗ

ಈಗ ಆರಂಭದ ಆ ಹುಡುಗಿಯ ದೂರಿಗೆ ಬರೋಣ, ಏಕೆಂದರೆ ನಮ್ಮ ಭಾಗದ ಲ್ಯಾಬ್‌ಗಳಲ್ಲಿ ಅತಿ ಹೆಚ್ಚು ನೋವು ಕೊಡುವುದು ಇದೇ, ಯಾವ ದೋಷ ಸಂದೇಶವೂ ಇದರಲ್ಲಿ ಬರುವುದಿಲ್ಲ. ಹಿಂದಿನ ದಿನ ಕರೆಂಟ್ ಬಂದಾಗ ಡೆಸ್ಕ್‌ಟಾಪ್‌ಗಳು ಒಂದು ನಿಮಿಷದೊಳಗೆ ಎದ್ದಿದ್ದವು, ಸರ್ವರ್ ಮಾತ್ರ ಡಿಸ್ಕ್ ಪರೀಕ್ಷೆ ಮುಗಿಸಿ ನಿಧಾನವಾಗಿ ಎದ್ದಿತು. ಬೂಟ್ ಹೊತ್ತಿನಲ್ಲಿ ಏನೇನು ಮೌಂಟ್ ಆಗಬೇಕೆಂಬ ಪಟ್ಟಿಯಿರುವ ಎಫ್‌ಎಸ್‌ಟ್ಯಾಬ್‌ ಫೈಲ್‌ನಲ್ಲಿ ‘ನೋಫೇಲ್’ ಎಂದು ನಾನೇ ಹಾಕಿದ್ದೆ, ಮೌಂಟ್ ಸೋತರೂ ಯಂತ್ರ ಬೂಟ್ ಆಗಲಿ ಎಂಬ ಉದ್ದೇಶದಿಂದ. ಯಂತ್ರ ಬೂಟ್ ಆಯಿತು, ಹೋಮ್ ಎಂಬ ಡೈರೆಕ್ಟರಿ ಸ್ಥಳೀಯ ಡಿಸ್ಕ್‌ನಲ್ಲಿ ಖಾಲಿಯಾಗಿ ಉಳಿಯಿತು, ಲಾಗಿನ್ ಆದ ಕೂಡಲೇ ಅದರೊಳಗೆ ಹೊಸದೊಂದು ಫೋಲ್ಡರ್ ತಾನಾಗಿ ಸೃಷ್ಟಿಯಾಯಿತು. ಅವಳು ಎರಡು ತಾಸು ಕೂತು ಬರೆದ ಪ್ರೋಗ್ರಾಂಗಳು ಅಲ್ಲಿಗೆ ಹೋದವು. ಮರುದಿನ ಎನ್‌ಎಫ್‌ಎಸ್ ಸರಿಯಾಗಿ ಮೌಂಟ್ ಆಗಿ ಆ ಸ್ಥಳೀಯ ಡೈರೆಕ್ಟರಿಯ ಮೇಲೆ ಚಾಪೆಯ ಹಾಗೆ ಹಾಸಿಕೊಂಡಿತು. ಫೈಲ್‌ಗಳು ಚಾಪೆಯ ಕೆಳಗಿದ್ದವು.

ಅವನ್ನು ತೆಗೆಯುವುದು ಸುಲಭ, ಯಾರನ್ನೂ ಲಾಗೌಟ್ ಮಾಡಿಸಬೇಕಿಲ್ಲ. ವಿದ್ಯಾರ್ಥಿ ಹಿಂದಿನ ದಿನ ಕೂತಿದ್ದ ಅದೇ ಯಂತ್ರದಲ್ಲಿ, ರೂಟ್ ಆಗಿ, ‘ಮೌಂಟ್ --ಬೈಂಡ್ / /ಎಂಎನ್‌ಟಿ’ ಎಂದು ಕೊಡಿ. ಬೈಂಡ್ ಮೌಂಟ್ ಮೂಲ ಡಿಸ್ಕನ್ನು ಮಾತ್ರ ತೋರಿಸುತ್ತದೆ, ಅದರ ಮೇಲೆ ಹಾಸಿರುವ ಎನ್‌ಎಫ್‌ಎಸ್ ಅನ್ನು ತೋರಿಸುವುದಿಲ್ಲ. ಎಂಎನ್‌ಟಿ ಒಳಗಿನ ಹೋಮ್‌ನಲ್ಲಿ ಆ ಫೋಲ್ಡರ್ ಸಿಗುತ್ತದೆ. ಅದನ್ನು ವಿದ್ಯಾರ್ಥಿಯ ನಿಜವಾದ ಹೋಮ್‌ನೊಳಗೆ ದಿನಾಂಕದ ಹೆಸರಿನ ಬೇರೆ ಫೋಲ್ಡರ್‌ಗೆ ನಕಲು ಮಾಡಿ. ನೇರವಾಗಿ ಮೇಲೆ ಸುರಿದರೆ ಒಂದೇ ಹೆಸರಿನ ಹಳೆಯ ಫೈಲ್‌ಗಳು ಅಳಿಯುತ್ತವೆ. ರೂಟ್ ಸ್ಕ್ವಾಷ್ ಇರುವುದರಿಂದ ರೂಟ್ ಆಗಿ ನಕಲು ಸಾಗದು, ಮೊದಲು ಸ್ಥಳೀಯ ಟೆಂಪ್ ಡೈರೆಕ್ಟರಿಗೆ ಹಾಕಿ ಮಾಲೀಕತ್ವ ಸರಿಪಡಿಸಿ, ವಿದ್ಯಾರ್ಥಿಯ ಖಾತೆಯಿಂದಲೇ ನಕಲು ಮಾಡಿಸಿ.

ಮತ್ತೆ ಹೀಗಾಗದಂತೆ ಎನ್‌ಎಫ್‌ಎಸ್ ಮೌಂಟ್ ಆಗಿಲ್ಲದ ಸ್ಥಿತಿಯಲ್ಲಿ ಖಾಲಿ ಹೋಮ್ ಡೈರೆಕ್ಟರಿಯ ಮೇಲೆ ‘ಸಿ-ಎಚ್-ಎ-ಟಿ-ಟಿ-ಆರ್ +ಐ’ ಆಜ್ಞೆ ಕೊಡಿ. ಆಮೇಲೆ ಅದರೊಳಗೆ ರೂಟ್ ಕೂಡ ಏನನ್ನೂ ಸೃಷ್ಟಿಸಲಾಗದು, ಆದರೆ ಅದರ ಮೇಲೆ ಮೌಂಟ್ ಮಾಡುವುದಕ್ಕೆ ಅಡ್ಡಿಯಿಲ್ಲ. ಎಫ್‌ಎಸ್‌ಟ್ಯಾಬ್‌ನಲ್ಲಿ ‘ಅಂಡರ್‌ಸ್ಕೋರ್ ನೆಟ್‌ಡೆವ್’ ಮತ್ತು ‘ಎಕ್ಸ್-ಸಿಸ್ಟಮ್‌ಡಿ.ಆಟೋಮೌಂಟ್’ ಸೇರಿಸಿದರೆ ಮೌಂಟ್ ಪ್ರಯತ್ನ ಬೂಟ್ ಹೊತ್ತಿನಲ್ಲಿ ನಡೆಯದೆ ಆ ಡೈರೆಕ್ಟರಿಯನ್ನು ಯಾರಾದರೂ ಮುಟ್ಟಿದಾಗ ನಡೆಯುತ್ತದೆ, ಆ ವೇಳೆಗೆ ಸರ್ವರ್ ಎದ್ದಿರುವ ಸಾಧ್ಯತೆ ಹೆಚ್ಚು. ಸರ್ವರ್ ಕಡೆಯಲ್ಲಿಯೂ ಇದೇ ಬಗೆಯ ಅಪಾಯವಿದೆ: ಡೇಟಾ ಡಿಸ್ಕ್ ಮೌಂಟ್ ಆಗುವ ಮೊದಲೇ ಎನ್‌ಎಫ್‌ಎಸ್ ಸೇವೆ ಶುರುವಾದರೆ ಖಾಲಿ ಡೈರೆಕ್ಟರಿಯೇ ಲ್ಯಾಬ್‌ಗೆಲ್ಲ ಹಂಚಿಕೆಯಾಗುತ್ತದೆ. ಎಕ್ಸ್‌ಪೋರ್ಟ್ಸ್ ಸಾಲಿನಲ್ಲಿ ‘ಎಂಪಿ’ ಎಂಬ ಎರಡಕ್ಷರದ ಆಯ್ಕೆ ಇಟ್ಟರೆ, ಅಲ್ಲಿ ನಿಜವಾಗಿ ಡಿಸ್ಕ್ ಮೌಂಟ್ ಆಗಿದ್ದರೆ ಮಾತ್ರ ಹಂಚಿಕೆ ನಡೆಯುತ್ತದೆ.

ಗಡಿಯಾರವನ್ನೂ ನೋಡಿ

ಹಳೆಯ ಯಂತ್ರಗಳಲ್ಲಿ ಮದರ್‌ಬೋರ್ಡ್‌ನ ಬಟನ್ ಬ್ಯಾಟರಿ ಸತ್ತಿದ್ದರೆ ಪ್ರತಿ ಸಲ ಕರೆಂಟ್ ಹೋದಾಗ ದಿನಾಂಕ ಹಿಂದಕ್ಕೆ ಹೋಗುತ್ತದೆ. ಸಿ ಪ್ರೋಗ್ರಾಂ ಕಂಪೈಲ್ ಮಾಡುವಾಗ ‘ಮೇಕ್’ ಆಜ್ಞೆ ‘ಕ್ಲಾಕ್ ಸ್ಕ್ಯೂ ಡಿಟೆಕ್ಟೆಡ್’ ಎಂದು ಎಚ್ಚರಿಸುವುದು, ತಿದ್ದಿದ ಪ್ರೋಗ್ರಾಂ ಮತ್ತೆ ಕಂಪೈಲ್ ಆಗದೆ ಹಳೆಯ ಉತ್ತರವನ್ನೇ ಕೊಡುವುದು ಇದರಿಂದ. ಸರ್ವರ್‌ನಲ್ಲಿಯೂ ಕ್ಲೈಂಟ್‌ಗಳಲ್ಲಿಯೂ ಗಡಿಯಾರ ಹೊಂದಿಸುವ ಕ್ರೋನಿ ಸೇವೆ ನಡೆಯುತ್ತಿರಲಿ, ‘ಕ್ರೋನಿಸಿ ಟ್ರ್ಯಾಕಿಂಗ್’ ಕೊಟ್ಟು ವ್ಯತ್ಯಾಸ ನೋಡಿ. ಬ್ಯಾಟರಿಯನ್ನು ಬದಲಿಸಿ.

ಸರಿಪಡಿಸಿದ ಮೇಲಿನ ಪರೀಕ್ಷೆ

ದೋಷ ಹೋಯಿತೆಂದು ಅನಿಸಿದಾಗ ಒಂದು ಕ್ಲೈಂಟನ್ನು ಪೂರ್ತಿ ಆರಿಸಿ ಮತ್ತೆ ಹಚ್ಚಿ, ಕೈಯಾರೆ ಮಾಡಿದ ಮೌಂಟ್ ಬೂಟ್ ನಂತರ ಉಳಿಯುತ್ತದೆ ಎಂಬ ಭರವಸೆಯಿಲ್ಲ. ರೂಟ್ ಆಗಿ ನೋಡದೆ ಒಬ್ಬ ವಿದ್ಯಾರ್ಥಿಯ ಖಾತೆಯಲ್ಲಿ ಲಾಗಿನ್ ಆಗಿ ಒಂದು ಫೈಲ್ ಬರೆಯಿರಿ, ಸರ್ವರ್‌ಗೆ ಹೋಗಿ ‘ಎಲ್‌ಎಸ್ -ಎಲ್‌ಎನ್’ನಲ್ಲಿ ಅದರ ಮಾಲೀಕನ ಅಂಕಿಯನ್ನೂ ಸಮಯವನ್ನೂ ಓದಿ, ಇನ್ನೊಂದು ಕ್ಲೈಂಟ್‌ನಿಂದ ಅದೇ ಫೈಲನ್ನು ತೆರೆದು ಒಂದು ಸಾಲು ಸೇರಿಸಿ ಉಳಿಸಿ. ಮೂರೂ ಕಡೆ ಒಂದೇ ಅಂಕಿ, ಒಂದೇ ಗಂಟೆ ಕಂಡರೆ, ಬರೆದುಕೊಂಡಿದ್ದ ದೋಷ ಸಂದೇಶದ ಕೆಳಗೆ ಕಾರಣವನ್ನೂ ಬದಲಿಸಿದ ಸಾಲನ್ನೂ ದಿನಾಂಕದೊಂದಿಗೆ ಬರೆದು, ಲ್ಯಾಬ್‌ನ ಬಾಗಿಲು ತೆರೆಯಿರಿ.